ಬೇವಿನ ನೀರು ಮತ್ತು ಎಡಗಿವಿ

ಆರು ವರ್ಷದವಳಿದ್ದಾಗಿನಿಂದ ನನ್ನ ಎಡಗಿವಿಯೊಳಗೆ ಬರೀ ಮಧ್ಯಾಹ್ನ. ಎಲ್ಲರೂ ಉಂಡು ಮಲಗಿದ ಮನೆಯಂಥ ಮೌನ ಅಲ್ಲಿ. ನಾವೀಗ ಇರುವ ಧನಕವಡಿಯ ಬಸ್ಸು, ಕುಕ್ಕರಿನ ಸೀಟಿ, ಮರಾಠಿಯಲ್ಲಿ ಕೂಗುವ ತರಕಾರಿಯವಳು, ಎಲ್ಲವೂ ನನಗೆ ಬಲಗಡೆಯಿಂದಲೇ ಬರುತ್ತವೆ. ಮನೆಯವರೂ ರೂಢಿಯಾಗಿ ಬಲಕ್ಕೇ ಕೂರುತ್ತಾರೆ. ಬೇಡದ ಮಾತು ಬಂದರೆ ಮೆಲ್ಲಗೆ ಕತ್ತು ತಿರುಗಿಸುತ್ತೇನೆ; ಈ ಅನುಕೂಲ ಎರಡು ಕಿವಿಯವರಿಗೆಲ್ಲಿ?

ಕಿವಿ ಹೋಗಿದ್ದು ಅವ್ವನಿಂದ ಎಂದೇ ನಂಬಿದ್ದೆ. ಧಾರವಾಡದಲ್ಲಿ ನನಗೆ ದಡಾರ ಎದ್ದಿತ್ತು. ಗುಳ್ಳೆ ಬಾಡಿದ ಮೇಲೆ ಪದ್ಧತಿಯಂತೆ ಅವ್ವ ಬಚ್ಚಲಲ್ಲಿ ಕೂರಿಸಿ, ಬೇವಿನೆಲೆ ಹಾಕಿದ ನೀರು ಎರೆದಳು. ಆಮೇಲೆ ಎಡಗಡೆ ಏನೂ ಕೇಳಿಸಲಿಲ್ಲ. ನೀರು ಹೊಕ್ಕು ಕಿವಿ ಕೆಟ್ಟಿತು ಎಂದರು ಹಿರಿಯರು. ಅವ್ವ ಇಲ್ಲ ಎನ್ನಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ದೊಡ್ಡವಳಾದ ಮೇಲೂ ಜಗಳ ಬಂದಾಗಲೆಲ್ಲ, "ನೀ ಎರದ ನೀರು ಸಾಕು ನನಗ" ಎನ್ನುತ್ತಿದ್ದೆ. ಅವಳು ನನ್ನ ಬಲಗಡೆಗೆ ಬಂದು ಕೂರುತ್ತಿದ್ದಳು. ಹಾಗೆಯೇ ಒಂದು ದಿನ ತೀರಿಹೋದಳು.

ಕಳೆದ ವರ್ಷ ಮೊಮ್ಮಗಳಿಗೆ ಒಂಬತ್ತು ತಿಂಗಳಾದಾಗ ದಡಾರದ ಮೊದಲ ಲಸಿಕೆ ಹಾಕಿಸಿದೆವು. ಒಂದು ವಾರದ ಮೇಲೆ ಜ್ವರ ಬಂತು. ಸೊಸೆ ಮಗರಪಟ್ಟಾದ ಆಫೀಸಿಗೆ ಎರಡು ದಿನ ರಜೆ ಹಾಕಿದಳು. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಮೂರನೆಯ ದಿನ ಕೂಸು ನಕ್ಕಿತು. ನನ್ನ ಅಂಗೈ ಮಾತ್ರ ಆ ಬಿಸಿಯನ್ನು ಮರೆಯಲಿಲ್ಲ. ಒಂದೂವರೆ ವರ್ಷಕ್ಕೆ ಎರಡನೆಯ ಲಸಿಕೆಯ ದಿನ ಬಂದಾಗ ಅಡ್ಡ ನಿಂತೆ.

"ಒಮ್ಮೆ ಹಾಕ್ಸೇವಲ್ಲ, ಸಾಕು. ಮತ್ತ ಜ್ವರ ಬರಸೂದು ಯಾಕ?"

"ಅತ್ತೀ, ಒಂದ ಸಲಕ್ಕ ಎಲ್ಲಾ ಕೂಸುಗೋಳಿಗೂ ಪೂರಾ ಹತ್ತೂದಿಲ್ರಿ. ಎರಡೂ ಬೇಕು. ನಾಳೆ ದಡಾರ ಬಂದ್ರ?"

"ಎಲ್ಲೆದ ದಡಾರ? ತೋರ್ಸು ನೋಡೋಣ."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬಂದ ಜ್ವರವನ್ನು ಮುಟ್ಟಿ ನೋಡಿದ್ದೆ. ಬಾರದೆ ಹೋದ ರೋಗವನ್ನು ಮುಟ್ಟಿ ನೋಡುವುದು ಹೇಗೆ? ಕಿವಿ ಚುಚ್ಚಿಸಿದ ದಿನವೂ ಕೂಸು ಚೀರಿತ್ತು, ಆದರೆ ಅಲ್ಲಿ ಬಂಗಾರದ ರಿಂಗಾದರೂ ಹೊಳೆಯುತ್ತಿತ್ತು.

ಸೊಸೆಯೂ ಸೋಲುವವಳಲ್ಲ. "ನೀವೂ ಬರ್ರಿ, ಸಿಸ್ಟರ್‌ನ್ನ ನೀವ ಕೇಳ್ರಿ" ಎಂದು ದವಾಖಾನೆಗೆ ಕರೆದೊಯ್ದಳು. ಬೆಂಚಿನ ಮೇಲೆ ಕೂತಲ್ಲೇ ನನಗೆ ಜೊಂಪು ಹತ್ತಿತು. ಹಸಿರು ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಯಾವುದೋ ಕೂಸಿನ ಅಳು ಕಾತ್ರಜದ ಗುಡ್ಡದಾಚೆಯಿಂದ ಬಂದಂತೆ ಕೇಳುತ್ತಿತ್ತು. ಸಿಸ್ಟರ್ ಎಡಗಡೆ ನಿಂತು ಏನೋ ಕೇಳಿದ್ದು ನನಗೆ ಗೊತ್ತಾಗಲೇ ಇಲ್ಲ.

"ಅವರಿಗೆ ಆ ಕಿವಿ ಕೇಳೂದಿಲ್ರಿ" ಎಂದಳು ಸೊಸೆ, ಮರಾಠಿ ಮರೆತು ಕನ್ನಡದಲ್ಲೇ. ಸಿಸ್ಟರ್ ಬೆಳಗಾವಿ ಕಡೆಯವಳು. ನಗುತ್ತ ನನ್ನ ಬಲಕ್ಕೆ ಬಂದಳು.

"ಯಾವಾಗಿಂದ್ರಿ ಮಾವಶಿ?"

"ಸಣ್ಣಾಕಿ ಇದ್ದಾಗಿಂದ. ದಡಾರ ಬಂದಿತ್ತು. ನಮ್ಮವ್ವ ಬೇವಿನ ನೀರು ಎರದ್ಲು, ಕಿವ್ಯಾಗ ಹೋತು."

ಅವಳ ನಗು ನಿಂತಿತು. "ನೀರಿಂದ ಹಿಂಗ ಆಗೂದಿಲ್ರಿ. ದಡಾರನ ಕಿವಿಗೆ ಇಳಿದಿರ್ತದ. ಭಾಳ ಮಂದಿಗೆ ಗೊತ್ತಿರೂದಿಲ್ಲ."

ನಾನು ತೋರಿಸು ಎಂದಿದ್ದ ದಡಾರ ಅರವತ್ತು ವರ್ಷಗಳಿಂದ ನನ್ನ ತಲೆಯಲ್ಲೇ ಕೂತಿತ್ತು. ನಾಚಿಕೆಯಾಯಿತು. ಕೂಸಿನ ತೋಳನ್ನು ನಾನೇ ಹಿಡಿದು "ಹಾಕ್ರಿ" ಎಂದೆ.

ಈ ಸಲವೂ ಮೈ ತುಸು ಬಿಸಿಯಾಯಿತು, ಇಳಿಯಿತು. ಜ್ವರ ಬಿಟ್ಟ ಮುಂಜಾನೆ ಕೂಸಿಗೆ ನೀರು ಎರೆಯಲು ಕೂತೆ. ತಂಬಿಗೆ ಎತ್ತುವ ಮೊದಲೇ, ಯಾವತ್ತಿನಂತೆ, ನನ್ನ ಕೈ ಅದರ ಕಿವಿ ಮುಚ್ಚಿತು. ಇದನ್ನು ನನಗೆ ಯಾರು ಕಲಿಸಿದರು? ಹಬೆಯೊಳಗೆ ಧಾರವಾಡದ ಬಚ್ಚಲು ಮೆಲ್ಲಗೆ ತೆರೆದುಕೊಂಡಿತು. ಬೇವಿನ ಕಹಿ ವಾಸನೆ, ಕೆನ್ನೆಗೆ ಒರಟು ಬೆರಳು. ಆ ದಿನವೂ ಅವ್ವನ ಅಂಗೈ ನನ್ನ ಎಡಗಿವಿಯ ಮೇಲೆ ಗಟ್ಟಿಯಾಗಿ ಕೂತಿತ್ತು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

"ತಪ್ಪಾತವ್ವಾ" ಎಂದೆ, ಕೂಸಿನ ಬೆನ್ನ ಹಿಂದೆ, ಬಹಳ ಮೆಲ್ಲಗೆ. ಅದು ಕೇಳಿಸಿಕೊಂಡು ನನ್ನತ್ತ ತಿರುಗಿ ನೋಡಿತು.