ಕಿನುಯೆ ತೊಟ್ಟಿ ಉಜ್ಜದ ದಿನ

ಸವಾಮಾತಾ ಊರಿನ ಹೆಂಗಸರ ಸ್ನಾನದ ಮನೆಯನ್ನು ಕಿನುಯೆ ನೋಡಿಕೊಳ್ಳಲು ಹಿಡಿದು ಮೂವತ್ತೊಂದು ವರ್ಷವಾಯಿತು. ಬೆಟ್ಟದಿಂದ ಮರದ ಕಾಲುವೆಯಲ್ಲಿ ಗಂಧಕದ ಬಿಸಿನೀರು ಹರಿದು ಬಂದು ಎಂಟು ಜನ ಕೂರುವ ತೊಟ್ಟಿಗೆ ಬೀಳುತ್ತದೆ. ದಿನಾ ಸಂಜೆ ಅವಳು ಬಿರಡೆ ಕಿತ್ತು ನೀರು ಬಿಡುತ್ತಾಳೆ. ಬೆಳಗ್ಗೆ ಐದಕ್ಕೆ ಮಂಡಿಯೂರಿ ತೊಟ್ಟಿ ಉಜ್ಜಿ, ಹೊಸ ನೀರು ತುಂಬಿಸಿ, ಉದ್ದ ಹಲಗೆಯಿಂದ ಮಗುಚಿ ಮಗುಚಿ ಹದಕ್ಕೆ ತರುತ್ತಾಳೆ. ತಣ್ಣೀರು ಬೆರೆಸುವ ಮಾತೆತ್ತಿದರೆ ಕೆಂಡವಾಗುತ್ತಾಳೆ. ಹದ ನೋಡುವುದು ಮೊಣಕೈ ಅದ್ದಿ. ಒಮ್ಮೆ ಊರಿನ ಸಂಘದವರು ಉಷ್ಣಮಾಪಕ ತಂದು ನೇತುಹಾಕಿದರು. ಮೊಣಕೈಗೂ ಅದಕ್ಕೂ ಒಂದು ಡಿಗ್ರಿ ವ್ಯತ್ಯಾಸ ಬಂತು. ಕೆಟ್ಟಿರುವುದು ಉಷ್ಣಮಾಪಕವೇ ಎಂದು ಇಡೀ ಊರು ತೀರ್ಮಾನಿಸಿತು.

ಈ ನೀರು ಹೊಸದಾಗಿದ್ದಾಗ ತಿಳಿಯಾಗಿರುತ್ತದೆ, ಒಂದು ರಾತ್ರಿ ನಿಂತರೆ ಬೆಳ್ಳಗಾಗುತ್ತದೆ. ಪ್ರವಾಸಿಗಳು ಬಿಳಿ ನೀರು ಕಂಡರೆ ಹಿರಿಹಿರಿ ಹಿಗ್ಗುತ್ತಾರೆ, ಪಾಪ, ಅವರಿಗೇನು ಗೊತ್ತು. ಊರವರಿಗೆ ಅದು ಹಳಸಲು ನೀರು, ಮೈಗಳ್ಳಿಯ ಗುರುತು. ಮೂವತ್ತೊಂದು ವರ್ಷದಲ್ಲಿ ಕಿನುಯೆಯ ತೊಟ್ಟಿಯ ತಳ ಕಾಣದ ಬೆಳಗೊಂದಿರಲಿಲ್ಲ. ಗಂಡ ತೀರಿಕೊಂಡ ದಿನವೂ ತೊಟ್ಟಿ ಉಜ್ಜಿ ಬಂದೇ ಅವಳು ಹೆಣದ ಮುಂದೆ ಕೂತದ್ದು.

ಆ ವರ್ಷ ಎಲೆಗಳು ಕೆಂಪಾಗುವ ಹೊತ್ತಿಗೆ ಎದುರಿನ ವಸತಿಗೃಹಕ್ಕೆ ಮಿತ್ಸುಹೊ ಎಂಬ ಐವತ್ತರ ಆಸುಪಾಸಿನ ಹೆಂಗಸು ಬಂದಿಳಿದಳು. ಎರಡು ದಿನ ಸ್ನಾನದ ಮನೆಯ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು, ಹೊರಗೆ ಹರಿಯುವ ನೀರಿನಲ್ಲಿ ಪಾದ ಅದ್ದಿಕೊಂಡಿದ್ದಳೇ ಹೊರತು ಒಳಗೆ ಕಾಲಿಡಲಿಲ್ಲ. ಒಳಗಿನಿಂದ ನಗು ಕೇಳಿದಾಗಲೆಲ್ಲ ತಲೆ ಆ ಕಡೆ ತಿರುಗುತ್ತಿತ್ತು. ಅದು ಕಿನುಯೆಯ ಕಣ್ಣಿಗೆ ಬಿತ್ತು.

"ಅಷ್ಟು ದೂರದಿಂದ ಬಂದು ಪಾದ ಮಾತ್ರ ತೊಳ್ಕೊಂಡು ಹೋಗ್ತೀರಾ?" ಎಂದಳು, ಪಕ್ಕದಲ್ಲಿ ಕೂರುತ್ತ.

ಮಿತ್ಸುಹೊ ನಕ್ಕಳು. ಆಮೇಲೆ ಎಡಗೈಯನ್ನು ಎದೆಯ ಮೇಲೆ ಚಪ್ಪಟೆಯಾಗಿ ಇಟ್ಟು ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ. "ಮೂರು ವರ್ಷ ಆಯ್ತು, ಆಪರೇಷನ್ ಮಾಡಿ ತೆಗೆದ್ರು. ಮೊದಲು ಪ್ರತಿ ವರ್ಷ ಒಂದೊಂದು ಊರಿನ ಬಿಸಿನೀರು ಹುಡುಕ್ಕೊಂಡು ಹೋಗ್ತಿದ್ದೆ."

"ಬಾಗಿಲು ಹಾಕಿದ ಮೇಲೆ ಬನ್ನಿ. ನೀವೊಬ್ರೇ ಇರ್ತೀರಿ."

"ಒಬ್ಬಳೇ ಮೀಯೋಕೆ ಮನೇಲಿ ತೊಟ್ಟಿ ಇಲ್ವಾ ಕಿನುಯೆಯವರೇ? ನಾಲ್ಕು ಜನರ ಮಧ್ಯೆ ಕೂತು ಮೀಯೋಣ ಅಂತಲೇ ಬಂದೆ. ಇಲ್ಲಿಗೆ ಬಂದ್ರೆ ಧೈರ್ಯ ಸಾಲ್ತಿಲ್ಲ. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡ್ಬೇಕು."

ಮೈ ಮುಚ್ಚಿಕೊಂಡು ಇಳಿಯಲು ಬರುವುದಿಲ್ಲ. ಬಟ್ಟೆ ನೀರಿಗೆ ತಾಕಕೂಡದು ಎಂಬುದು ಊರು ಹುಟ್ಟಿದಾಗಿನ ಕಟ್ಟಳೆ. ಅಂಗೈಯಗಲದ ಟವೆಲನ್ನೂ ಮಡಿಸಿ ತಲೆಯ ಮೇಲಿಟ್ಟುಕೊಳ್ಳಬೇಕು. ಕಟ್ಟಳೆ ಮುರಿದು ಒಳಗೆ ಬಿಟ್ಟರೂ ಎಲ್ಲರ ಕಣ್ಣು ಆ ಬಟ್ಟೆಯ ಮೇಲೇ ಇರುತ್ತದೆ. "ನಾಳೆ ಬೆಳಗ್ಗೆ ಏಳಕ್ಕೆ ಬನ್ನಿ" ಎಂದಷ್ಟೇ ಹೇಳಿ ಕಿನುಯೆ ಎದ್ದಳು.

ಆ ಸಂಜೆ ಅವಳು ಬಿರಡೆ ಕೀಳಲಿಲ್ಲ.

ಬೆಳಗ್ಗೆ ತೊಟ್ಟಿ ಬೆಳ್ಳಗಾಗಿತ್ತು. ಸಾಲದೆಂದು ಹಲಗೆ ಹಾಕಿ ತಳದ ಗಷ್ಟನ್ನೆಲ್ಲ ಎಬ್ಬಿಸಿದಳು. ನೀರಲ್ಲಿ ಅದ್ದಿದ ತನ್ನ ಬೆರಳೇ ತನಗೆ ಕಾಣದಷ್ಟು ಬಿಳುಪಾದಾಗ ಕೈ ನಿಲ್ಲಿಸಿದಳು. ಅವಳಿಗೆ ನಾಚಿಕೆಯಾಯಿತು. ಆಡಿಕೊಳ್ಳುವವರ ಮುಂದೆ ಬೇಕೆಂದೇ ಎಡವಿ ಬೀಳುವುದು ಸುಲಭವಲ್ಲ.

ಆರೂವರೆಗೆ ಎಂಬತ್ತನಾಲ್ಕರ ತೊಮಿ ಅಜ್ಜಿ ನೆರೆಮನೆಯ ಹಾರುಯೊಳನ್ನು ಕಟ್ಟಿಕೊಂಡು ಬಂದಳು. ಸವಾಮಾತಾದಲ್ಲಿ ಈ ಅಜ್ಜಿಯ ಬಾಯಿಗೆ ಹೆದರದವರಿಲ್ಲ.

"ಏನೇ ಕಿನುಯೆ ಇದು? ಅಕ್ಕಚ್ಚು ತುಂಬಿಸಿದ್ದೀಯಾ? ನಾನೇನು ಹಸುನಾ?"

"ನಿನ್ನೆ ಸೊಂಟ ಹಿಡ್ಕೊಂಡಿತ್ತು ಅಜ್ಜಿ."

"ಗಂಡ ಸತ್ತಾಗ ಹಿಡೀದ ಸೊಂಟ ಈಗ ಹಿಡೀತಾ? ನಿಮ್ಮತ್ತೆ ಇದನ್ನ ನೋಡಿದ್ರೆ ಗೋರಿಯಿಂದ ಎದ್ದು ಬಂದು ಅದೇ ಹಲಗೇಲಿ ಬಾರಿಸೋಳು!"

ಹಾರುಯೊ ಕಿಸಕ್ಕನೆ ನಕ್ಕಳು. ಕಿನುಯೆ ತಲೆ ತಗ್ಗಿಸಿ ಎಲ್ಲವನ್ನೂ ನುಂಗಿಕೊಂಡಳು. ಅಜ್ಜಿ ಬೈಯುತ್ತಲೇ ನೀರಿಗಿಳಿದಳು, ಹಿಂದೆಯೇ ಹಾರುಯೊ. ಹದವಂತೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಏಳಕ್ಕೆ ಮಿತ್ಸುಹೊ ಬಂದಳು. ಟವೆಲನ್ನು ಎದೆಗೆ ಒತ್ತಿ ಹಿಡಿದು, ಗೋಡೆಗೆ ಮುಖ ಮಾಡಿ ಮೈ ತೊಳೆದುಕೊಂಡು, ತೊಟ್ಟಿಯ ಅಂಚಿಗೆ ಬಂದವಳು ನೀರು ನೋಡಿ ನಿಂತೇಬಿಟ್ಟಳು. ಆಮೇಲೆ ಕಿನುಯೆಯ ಮುಖ ನೋಡಿದಳು. ಕಿನುಯೆ ಬಾಗಿಲ ಬಳಿ ಸುಮ್ಮನೆ ಬುಟ್ಟಿ ಜೋಡಿಸುತ್ತಿದ್ದಳು.

ಮಿತ್ಸುಹೊ ಸರಕ್ಕನೆ ಇಳಿದು ಕುತ್ತಿಗೆಯವರೆಗೆ ಮುಳುಗಿ, ಟವೆಲು ಮಡಿಸಿ ತಲೆಯ ಮೇಲಿಟ್ಟಳು. ಬಿಳಿ ನೀರಿನ ಮೇಲೆ ಮೂರು ತಲೆಗಳು, ಮೂರೂ ಒಂದೇ ಥರ.

ಅಜ್ಜಿಯ ಬೈಗುಳ ಅರ್ಧಕ್ಕೇ ನಿಂತಿತು. ಅಂಚಿನಲ್ಲಿ ಟವೆಲು ಹಿಡಿದಿದ್ದ ಆ ಕೈಯನ್ನು ಅವಳು ನೋಡಿದ್ದಳು. ನೀರನ್ನು ಒಮ್ಮೆ ನೋಡಿದಳು, ಕಿನುಯೆಯ ಬೆನ್ನನ್ನು ಒಮ್ಮೆ ನೋಡಿದಳು.

"ನಿಮ್ಮ ಕಡೆ ಉಪ್ಪಿನಕಾಯಿಗೆ ಮೂಲಂಗಿನ ಹೊಗೆ ಮೇಲೆ ಕಟ್ಟಿ ಒಣಗಿಸ್ತೀರೇನಮ್ಮ?" ಎಂದು ಕೇಳಿದಳು.

"ಇಲ್ಲ ಅಜ್ಜಿ, ಬಿಸಿಲಿಗೆ ಹಾಕ್ತೀವಿ."

"ಬಿಸಿಲಿಗಾ? ಅದನ್ನ ಹಲ್ಲಿಲ್ಲದೋರು ತಿನ್ನೋದು ಹೆಂಗೆ?"

ಮಾತು ಮೂಲಂಗಿಯಿಂದ ಸೊಸೆಯರಿಗೆ, ಸೊಸೆಯರಿಂದ ಬೆಟ್ಟದ ಕರಡಿಗೆ ಹೋಯಿತು. ಕರಡಿ ಕಂಡು ಹಾರುಯೊಳ ಗಂಡ ಅವಳನ್ನೇ ಮುಂದೆ ತಳ್ಳಿದ ಕಥೆಗೆ ಮಿತ್ಸುಹೊ ನಕ್ಕದ್ದು ರಸ್ತೆಗೆಲ್ಲ ಕೇಳಿಸಿತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಮುಖ ಕೆಂಪೇರಿದ ಮೇಲೆ ಮಿತ್ಸುಹೊ ಎದ್ದಳು. ಮೊದಲು ಏಳುವವರು ಉಳಿದವರಿಗೆ ಒಂದು ಮಾತು ಹೇಳಿ ಹೋಗುವುದು ವಾಡಿಕೆ. "ನಾನು ಮುಂದೆ ಹೊರಟೆ" ಎಂದು ತಲೆಬಾಗಿದಳು. ಟವೆಲು ಅವಳ ತಲೆಯ ಮೇಲೇ ಉಳಿದಿತ್ತು. ಅದನ್ನು ತೆಗೆದು ಮುಚ್ಚಿಕೊಳ್ಳುವುದು ಅವಳಿಗೆ ಮರೆತೇ ಹೋಗಿತ್ತು.

"ಆಯ್ತಮ್ಮ, ಜೋಪಾನ, ಕಲ್ಲು ಜಾರುತ್ತೆ" ಎಂದಳು ಅಜ್ಜಿ. ಹಾರುಯೊ ಕೂಡ ತಲೆಬಾಗಿದಳು. ಬಾಗಿಲಿನಲ್ಲಿ ಮಿತ್ಸುಹೊ ಕಿನುಯೆಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಅವಳು ಹೋದ ಮೇಲೆ ತೊಮಿ ಅಜ್ಜಿ ನೀರಿನೊಳಗಿಂದಲೇ ಕೂಗಿದಳು.

"ಕಿನುಯೆ! ಮುಂದಿನ ವರ್ಷ ಅವಳು ಬಂದಾಗ ತೊಟ್ಟಿ ಉಜ್ಜಿಡು. ಅವಳಿಗಿನ್ನು ತಿಳಿನೀರು ಸಾಕು."