ಹೊಲದ ಅಂಚಿನ ಹಾವಿನ ಕಲ್ಲು

ಜೂನ್ ತಿಂಗಳ ಭಾನುವಾರ, ಬೆಳಿಗ್ಗೆ ಏಳು ಗಂಟೆ. ನಡೆದಾಡಲು ಹೊರಟಿದ್ದವರು ನಾನು ಮತ್ತು ಮಗಳು ಸುಮಾ. ಕೆಲವು ವರ್ಷಗಳಿಂದ ಸ್ವೀಡನ್ನಿನಲ್ಲಿರುವ ಅವಳು ಉಪ್ಸಾಲಾ ಪಟ್ಟಣದ ಹೊರಗಿನ ಈ ನಾಲ್ಕೈದು ಮನೆಗಳ ಹಳ್ಳಿಗೆ ಮನೆ ಬದಲಿಸಿ ತಿಂಗಳಾಗಿತ್ತು. ಹೊಲದ ಅಂಚಿನಲ್ಲಿ ಆಳೆತ್ತರದ ಕಲ್ಲು, ಅದರ ಮೇಲೆ ಕೆತ್ತಿದ, ಸುತ್ತಿಕೊಂಡ ಹಾವು. ಯಾವ ದೇಶವಾದರೇನು, ನಾಗರಕಲ್ಲು ನಾಗರಕಲ್ಲೇ ಎಂದುಕೊಂಡು ಚಪ್ಪಲಿ ಬಿಟ್ಟು, ಪರ್ಸಿನಿಂದ ಕುಂಕುಮದ ಭರಣಿ ತೆಗೆದೆ.

ಕಲ್ಲಿನ ಆಚೆ ಬದಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದ ಎದುರುಮನೆಯ ಅಜ್ಜಿ ಇಂಗ್ರಿಡ್ ಕತ್ತರಿ ಹಿಡಿದೇ ಬಂದು ಅಡ್ಡ ನಿಂತರು. ಅವರ ಸ್ವೀಡಿಷ್ ಮಾತನ್ನು ಸುಮಾ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಸ್ಟಾಪ್! ಏನೂ ಹಚ್ಬೇಡ. ಇದು ದೇವ್ರಲ್ಲ. ಸಾವಿರ ವರ್ಷದ ಹಿಂದೆ ಈ ಊರಿನ ತಾಯಿಯೊಬ್ಬಳು ತೀರಿಹೋದ ಮಗನ ನೆನಪಿಗೆ ನಿಲ್ಲಿಸಿದ್ದಂತೆ. ಹಾವಿನ ಮೈಮೇಲಿರೋದು ಅಕ್ಷರ."

ನಾನು ಭರಣಿ ಮುಚ್ಚಿದೆ. "ನಮ್ಮ ವೀರಗಲ್ಲಿನ ಹಾಗೆ ಅನ್ನು. ಇವರೇ ಯಾಕೆ ಹುಲ್ಲು ಕತ್ತರಿಸ್ತಾರೆ, ಕೇಳು."

ಮದುವೆಯಾಗಿ ಬಂದಾಗಿನಿಂದ ಅದು ಇಂಗ್ರಿಡ್ ಅವರದೇ ಕೆಲಸ. ಈಗ ಮಂಡಿ ಬಗ್ಗುವುದಿಲ್ಲ. ಚಳಿಗಾಲಕ್ಕೆ ಮುಂಚೆ ಪಟ್ಟಣದ ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಆಮೇಲೆ ಕಲ್ಲು ಹುಲ್ಲಿನಲ್ಲಿ ಮುಚ್ಚಿಹೋಗುತ್ತದೆ ಎಂಬುದೇ ಅವರ ಚಿಂತೆ.

ನಾನು ಕೈ ಚಾಚಿ ಕತ್ತರಿ ಪಡೆದು ಉಳಿದರ್ಧ ಮುಗಿಸಿದೆ.

"ಎಲ್ಲಿ ಹೋದ್ರೂ ನಿಂಗೊಂದು ಡ್ಯೂಟಿ!" ಎಂದು ಸುಮಾ ನಕ್ಕಳು. ಕತ್ತರಿ ಹಿಂತಿರುಗಿಸಿದರೆ ಇಂಗ್ರಿಡ್ ತೆಗೆದುಕೊಳ್ಳಲಿಲ್ಲ. ಅದನ್ನು ಸುಮಾಳ ಕೈಗಿಟ್ಟು ಅವಳ ಬೆರಳುಗಳನ್ನು ಮಡಿಸಿದರು. ಸುಮಾಳ ನಗು ನಿಂತಿತು. ತಲೆಯಾಡಿಸಿದಳು.

ನನ್ನ ವೀಸಾ ಆಗಸ್ಟಿಗೆ ಮುಗಿಯುತ್ತದೆ, ಹುಲ್ಲು ಬೆಳೆಯುತ್ತಲೇ ಇರುತ್ತದೆ. ಸಂಜೆ ಕತ್ತರಿಗೆ ಎಣ್ಣೆ ಹಚ್ಚಿ, ಸುಮಾಳ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ.