ಕಾಕುವಿನ ಪುಟಾಣಿ-ಸಕ್ಕರೆ

ಕೈ ಮುರಿದುಕೊಂಡಿದ್ದ ಕಾಕುವಿನ, ಅಂದರೆ ನಮ್ಮ ಚಿಕ್ಕಪ್ಪನ ಹೆಂಡತಿಯ, ಪ್ಲಾಸ್ಟರ್ ಬಿಚ್ಚಿದ್ದಾರೆಂದು ಇವತ್ತು ಹುಮನಾಬಾದಿಗೆ ಹೋಗಿದ್ದೆ. ಅವಳ ಬಲ ಅಂಗೈ ಅರ್ಧಕ್ಕೇ ನಿಂತಿತ್ತು, ಮೇಲ್ಮುಖವಾಗಿ ತಿರುಗುತ್ತಿರಲಿಲ್ಲ. ನನ್ನದು ಚಿಕ್ಕಂದಿನಿಂದ ಹಾಗೇ ಇದೆ.

ನಮ್ಮೂರು ಮುಡಬಿಯಲ್ಲಿ ಬೇವಿನ ಮರದಿಂದ ಬಿದ್ದು ನನ್ನ ಬಲ ಮುಂಗೈ ಮುರಿದಿತ್ತು. ಬಿದಿರಿನ ದಬ್ಬೆ ಕಟ್ಟಿದರು. ಎಲುಬು ಕೂಡಿತು, ಅಂಗೈ ಮಾತ್ರ ಪೂರ್ತಿ ತಿರುಗಲಿಲ್ಲ. ಕಾಕು ಪ್ರತಿ ಸೋಮವಾರ ಪೂಜೆ ಮುಗಿಸಿ ಓಣಿಯ ಮಕ್ಕಳಿಗೆಲ್ಲ ಪುಟಾಣಿ-ಸಕ್ಕರೆ ಹಂಚುತ್ತಿದ್ದಳು. ನನ್ನ ಓರೆಯಾದ ಅಂಗೈಯಿಂದ ಅದು ಜಾರಿ ನೆಲಕ್ಕೆ ಬೀಳುತ್ತಿತ್ತು. ಎಡಗೈ ಚಾಚಿದರೆ ಅದರ ಮೇಲೆ ಪಟ್ಟನೆ ಹೊಡೆಯುತ್ತಿದ್ದಳು.

"ದೇವರ ಪ್ರಸಾದಕ್ಕ ಎಡಗೈ ಒಡ್ಡಾಕತ್ತೀ? ಹಿಂದ ಸರಿ!"

ಉಳಿದವರು ಕಟಕಟ ಅಗಿಯುತ್ತ ನಗುತ್ತಿದ್ದರು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಇವತ್ತೂ ಸೋಮವಾರ. ಬಸವಕಲ್ಯಾಣದಿಂದ ಬೇಕೆಂದೇ ಪ್ರಸಾದ ಒಯ್ದಿದ್ದೆ. ಪುಟಾಣಿ-ಸಕ್ಕರೆಯೇ. ಕಾಕುವಿನ ಬಲಗೈಗೆ ಸುರಿದೆ; ಜಾರಿ ಸೀರೆಯ ಮೇಲೆ ಚೆಲ್ಲಿತು. ಅವಳು ಎಡಗೈ ಚಾಚಿದಳು.

"ಎಡಗೈ ನಡಿಯಂಗಿಲ್ರಿ ಕಾಕು," ಎಂದು ಪೊಟ್ಟಣ ಮಡಚಿದೆ.

ಕಾಕು ನನ್ನ ಮುಖ ನೋಡಿ ಕಣ್ಣು ಕೆಳಗಿಳಿಸಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಉಳಿದದ್ದನ್ನೆಲ್ಲ ನಾನೇ ತಿಂದೆ, ಎಡಗೈಯಿಂದ.